ಸುಂಕೇಸುಲದ ನೀರು, ಆದವಾನಿಯ ಹತ್ತಿ

ಕಾಲುವೆ ಬಂದೊಡನೆ ಬೀಳುಭೂಮಿ ಹಸನಾಯಿತು, ಜನ ಬಂದು ನೆಲೆಸಿದರು, ಪೇಟೆಗಳು ಬೆಳೆದವು ಎಂಬುದು ನೀರಾವರಿ ಚರಿತ್ರೆಯ ರೂಢಿಯ ಕಥನ. ಗೋದಾವರಿಯ ಮುಖಜಭೂಮಿಗೆ ಇದು ಬಹುಮಟ್ಟಿಗೆ ಒಪ್ಪುತ್ತದೆ. 1852ರಲ್ಲಿ ಧವಳೇಶ್ವರದ ಅಣೆಕಟ್ಟು ಮುಗಿದ ಮೇಲೆ ಅಲ್ಲಿಯ ಕಾಲುವೆಗಳು ಭತ್ತದ ಗದ್ದೆಗೆ ನೀರಾದವು, ದೋಣಿಗಳಿಗೆ ದಾರಿಯೂ ಆದವು. ಆ ಅಣೆಕಟ್ಟನ್ನು ಕಟ್ಟಿಸಿದ ಆರ್ಥರ್ ಕಾಟನ್ನನ ವಿಚಾರವನ್ನೇ ತುಂಗಭದ್ರೆಯ ದಂಡೆಗೆ ತಂದಾಗ ಫಲ ಬೇರೆಯಾಯಿತು.

ಮದರಾಸು ಇರಿಗೇಷನ್ ಅಂಡ್ ಕೆನಾಲ್ ಕಂಪನಿಯು 1850ರ ದಶಕದ ಕೊನೆಯಲ್ಲಿ ಹುಟ್ಟಿತು. ಅದರ ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇ. 5ರ ಬಡ್ಡಿಯ ಭರವಸೆಯನ್ನು ಸರ್ಕಾರವೇ ಕೊಟ್ಟಿತ್ತು. ಕರ್ನೂಲಿಗೆ ಮೇಲಣ ಸುಂಕೇಸುಲದಲ್ಲಿ ನದಿಗೆ ಅಡ್ಡಗಟ್ಟೆ ಹಾಕಿ, ನಂದ್ಯಾಲದ ಕಣಿವೆಯ ಮೂಲಕ ಕಡಪದವರೆಗೆ ಸುಮಾರು 190 ಮೈಲಿಯ ಕಾಲುವೆಯನ್ನು 1871ರ ವೇಳೆಗೆ ತೋಡಲಾಯಿತು. ನೀರಾವರಿ, ಜಲಸಾರಿಗೆ ಎರಡೂ ಅದರ ಉದ್ದೇಶ.

ಆದರೆ ರೈತರು ನೀರು ಕೊಳ್ಳಲು ಮುಂದೆ ಬರಲಿಲ್ಲ. ಇದನ್ನು ಅಜ್ಞಾನವೆಂದು ಎಣಿಸುವುದು ಸುಲಭ. ಉತ್ತರ ಮಾತ್ರ ಮಣ್ಣಿನಲ್ಲಿದೆ. ಕನ್ನಡದ ಎರೆ, ತೆಲುಗಿನ ರೇಗಡಿ ತೇವವನ್ನು ತಾನೇ ಹಿಡಿದಿಡುವ ನೆಲ. ಅಲ್ಲಿ ಜೋಳ, ಹತ್ತಿ ಮಳೆಯಿಂದಲೇ ಬೆಳೆಯುತ್ತವೆ. ಅದನ್ನು ತರಿಭೂಮಿಯಾಗಿಸಲು ನೆಲ ಮಟ್ಟ ಮಾಡಿಸಬೇಕು, ಹೆಚ್ಚು ಆಳು ಎತ್ತುಗಳನ್ನು ಹೂಡಬೇಕು, ನೀರಿನ ತೆರಿಗೆ ತೆರಬೇಕು. ಮಳೆ ಬಂದ ವರ್ಷ ಈ ವೆಚ್ಚಕ್ಕೆ ಅರ್ಥವಿರಲಿಲ್ಲ. 1876–78ರ ಕ್ಷಾಮದಲ್ಲಿ ಕಾಲುವೆಯ ನೀರಿಗೆ ಬೇಡಿಕೆ ಏರಿದ್ದು ಈ ಲೆಕ್ಕಾಚಾರವನ್ನು ಸಮರ್ಥಿಸುತ್ತದೆ: ರೈತನಿಗೆ ಕಾಲುವೆ ಬೇಕಾದದ್ದು ಬೆಳೆ ಬದಲಿಸಲಿಕ್ಕಲ್ಲ, ಬರ ದಾಟಲಿಕ್ಕೆ. ಬಡ್ಡಿಯ ಹೊರೆ ಹೊತ್ತ ಸರ್ಕಾರ ಕೊನೆಗೆ 1882ರಲ್ಲಿ ಕಾಲುವೆಯನ್ನು ತಾನೇ ಕೊಂಡಿತು.

ವ್ಯಾಪಾರದ ಗತಿಯೂ ಹೀಗೆಯೇ. 1871ರಲ್ಲೇ ಮದರಾಸಿನ ರೈಲುಹಾದಿ ಕಡಪ, ಗುಂತಕಲ್ಲು, ಆದವಾನಿಗಳನ್ನು ಹಾದು ರಾಯಚೂರಿನಲ್ಲಿ ಮುಂಬಯಿಯ ಹಾದಿಯನ್ನು ಕೂಡಿತು. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ ಹತ್ತಿಯ ಪೇಟೆಯಾಗಿ ಬೆಳೆದದ್ದು ಎರೆಯ ಬಲದಿಂದ, ರೈಲಿನ ನೆರವಿನಿಂದ, ದೋಣಿಯಿಂದಲ್ಲ.

ಇದೇ ನದಿಯ ಮೇಲ್ಭಾಗದಲ್ಲಿ ವಿಜಯನಗರ ಕಾಲದ ಕಾಲುವೆಗಳು ಹಂಪಿಯ ಸುತ್ತ ಇಂದಿಗೂ ಹರಿಯುತ್ತವೆ. ಅವು ನದಿಯಂಚಿನ ತಗ್ಗುನೆಲಕ್ಕೆ ಹೊಂದಿಕೊಂಡ ಕಿರುಗಾತ್ರದವು; ಪಕ್ಕದಲ್ಲೇ ಉಣ್ಣುವ ರಾಜಧಾನಿಯಿತ್ತು. ನೆಲ ಒಪ್ಪಿ, ಬೇಡಿಕೆ ಇದ್ದಲ್ಲಿ ಮಾತ್ರ ಕಾಲುವೆ ನೆಲೆಯನ್ನು ಕಟ್ಟುತ್ತದೆ ಎಂಬುದಕ್ಕೆ ಈ ಎರಡೂ ಸಾಕ್ಷಿ.

1953ರಲ್ಲಿ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಈ ಸೀಮೆಯ ಚರಿತ್ರೆಯನ್ನು ಎರಡು ರಾಜ್ಯಗಳು ಬೇರೆಬೇರೆಯಾಗಿ, ಹೆಚ್ಚಾಗಿ ಅಣೆಕಟ್ಟುಗಳ ಕಥೆಯಾಗಿ ಬರೆಯುತ್ತಿವೆ. ಎರೆ, ರೇಗಡಿ ಎಂಬ ಎರಡು ಮಾತುಗಳನ್ನೂ ಬಲ್ಲ ಗಡಿಯ ಒಕ್ಕಲಿನ ತಿಳಿವಳಿಕೆಯಿಂದ ಅದನ್ನು ಮತ್ತೆ ಓದುವ ಕೆಲಸ ಉಳಿದಿದೆ.