ಗ್ರೀಕ್ ವಿಭಕ್ತಿಗಳೂ ಆಂಗ್ಲ ವಿದ್ಯಾರ್ಥಿಗಳೂ

ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದ 57ನೆಯ ವಚನವನ್ನು 1611ರ ಇಂಗ್ಲಿಷ್ ಬೈಬಲ್ಲಿನಲ್ಲಿಯೂ 1881ರ ಪರಿಷ್ಕೃತ ಹೊಸ ಒಡಂಬಡಿಕೆಯಲ್ಲಿಯೂ ಹೋಲಿಸಿ ನೋಡಿದವರಿಗೆ ಒಂದು ಸಣ್ಣ ವ್ಯತ್ಯಾಸ ಕಾಣುತ್ತದೆ. ಯೇಸು ತಂದೆಯ ‘ಮೂಲಕ’ ಜೀವಿಸುತ್ತಾನೆಂದು ತೋರುವಂತೆ ಹಳೆಯ ಭಾಷಾಂತರಕಾರರು ‘ಬೈ’ ಎಂಬ ಪದವನ್ನಿಟ್ಟರು. ಪರಿಷ್ಕರಣಕಾರರು ಅದನ್ನು ತೆಗೆದು ತಂದೆಯ ‘ಕಾರಣದಿಂದ’ ಎಂಬ ಅರ್ಥದ ‘ಬಿಕಾಸ್ ಆಫ್’ ಎಂದು ತಿದ್ದಿದರು. ಇಲ್ಲಿ ಮೂಲದ ಪಾಠಭೇದವೇನೂ ಇಲ್ಲ. ಇಬ್ಬರ ಮುಂದೆಯೂ ಇದ್ದ ಗ್ರೀಕ್ ಪದಗಳು ಅವೇ. ವಿವಾದವೆಲ್ಲ ಒಂದು ವಿಭಕ್ತಿಪ್ರತ್ಯಯದ್ದು.

ನಾಮಪದದ ಹಿಂದೆ ನಿಲ್ಲುವ ಗ್ರೀಕ್ ಉಪಸರ್ಗಗಳಲ್ಲಿ ‘ಡಿಯಾ’ ಒಂದು. ಮುಂದಿನ ನಾಮಪದ ಷಷ್ಠಿಯಲ್ಲಿದ್ದರೆ ಅದಕ್ಕೆ ‘ಮೂಲಕ’ ಎಂದೂ, ದ್ವಿತೀಯೆಯಲ್ಲಿದ್ದರೆ ‘ಕಾರಣದಿಂದ’ ಎಂದೂ ಸಾಮಾನ್ಯವಾಗಿ ಅರ್ಥ. (ಹೋಮರನ ಕಾವ್ಯಗಳಲ್ಲಿ ಈ ಮೇರೆ ಇಷ್ಟು ಖಚಿತವಾಗಿಲ್ಲ.) ಈ ವಚನದಲ್ಲಿ ‘ತಂದೆ’ ದ್ವಿತೀಯೆಯಲ್ಲಿದೆ. ಮಗನಿಗೆ ತಂದೆಯು ಜೀವನದ ಸಾಧನವೋ ಆಧಾರವೋ ಎಂಬ ದೈವಶಾಸ್ತ್ರದ ಪ್ರಶ್ನೆ ಹೀಗೆ ಒಂದು ಪ್ರತ್ಯಯವನ್ನು ಅವಲಂಬಿಸಿದೆ.

ಆಂಗ್ಲರಿಗೆ ಇದು ಏಕೆ ತೊಡಕಾಯಿತು? ಅವರ ನುಡಿಯಲ್ಲಿ ಹಿಂದೆ ವಿಭಕ್ತಿಗಳು ಇದ್ದವು. ಹನ್ನೆರಡು ಹದಿಮೂರನೆಯ ಶತಮಾನಗಳ ವೇಳೆಗೆ ಅವು ಬಹುಮಟ್ಟಿಗೆ ಸವೆದು, ಸಂಬಂಧಸೂಚನೆಯ ಭಾರವೆಲ್ಲ ಉಪಸರ್ಗಗಳ ಮೇಲೂ ಪದಕ್ರಮದ ಮೇಲೂ ಬಿದ್ದಿತು. ಆದುದರಿಂದ ಉಪಸರ್ಗಕ್ಕೆ ತನ್ನದೇ ಆದ ಅರ್ಥವಿದೆ, ವಿಭಕ್ತಿಯು ಅದಕ್ಕೆ ತೆರುವ ಕಂದಾಯ ಮಾತ್ರ ಎಂಬ ಭಾವನೆ ಅವರಿಗೆ ಸಹಜ.

ಇದಕ್ಕೆ ಲ್ಯಾಟಿನ್ ಇನ್ನಷ್ಟು ಬಲವಿತ್ತಿತು. ಎರಾಸ್ಮಸನು 1511ರಿಂದ ಕೇಂಬ್ರಿಜ್‌ನಲ್ಲಿ ಗ್ರೀಕ್ ಬೋಧಿಸಿದಾಗ ವಿದ್ಯಾರ್ಥಿಗಳು ಲ್ಯಾಟಿನ್ ಕಲಿತೇ ಬಂದವರು. ವೆಸ್ಟ್‌ಮಿನ್‌ಸ್ಟರ್ ಶಾಲೆಯ ವಿಲಿಯಂ ಕ್ಯಾಮ್ಡನ್ 1595ರಲ್ಲಿ ಹೊರತಂದು, ದೀರ್ಘಕಾಲ ಪಾಠಶಾಲೆಗಳಲ್ಲಿ ನಡೆದುಬಂದ ಗ್ರೀಕ್ ವ್ಯಾಕರಣವೂ ಲ್ಯಾಟಿನ್ನಿನಲ್ಲಿಯೇ ಇತ್ತು. ಆದರೆ ಲ್ಯಾಟಿನ್ ಉಪಸರ್ಗಗಳು ಸೇರುವುದು ದ್ವಿತೀಯೆಯನ್ನು ಇಲ್ಲವೇ ಪಂಚಮಿಯನ್ನು. ಗ್ರೀಕಿನಲ್ಲಿ ಪಂಚಮಿಯೇ ಇಲ್ಲ! ‘ಪರಾ’ ಎಂಬ ಉಪಸರ್ಗವು ಷಷ್ಠಿಯೊಡನೆ ‘ಬಳಿಯಿಂದ’, ಚತುರ್ಥಿಯೊಡನೆ ‘ಬಳಿಯಲ್ಲಿ’, ದ್ವಿತೀಯೆಯೊಡನೆ ‘ಬಳಿಗೆ’ ಎಂದಾಗುವುದನ್ನು ಕಂಡ ಬಾಲಕನು, ‘ಯಜಮಾನನ ಮನೆ’ ಎನ್ನುವಲ್ಲಿ ಬರುವ ಷಷ್ಠಿಯು ‘ಇಂದ’ ಎಂಬ ಅರ್ಥವನ್ನೇಕೆ ತರುತ್ತದೆಂದು ಯಾರನ್ನು ಕೇಳಬೇಕು? ಕಂಠಪಾಠವೊಂದೇ ಅವನಿಗೆ ಉಳಿದ ಗತಿ.

ಉತ್ತರ ದೊರೆತದ್ದು ಸಂಸ್ಕೃತದಿಂದ. ಫ್ರಾಂಟ್ಸ್ ಬಾಪ್ 1833ರಿಂದ ಪ್ರಕಟಿಸತೊಡಗಿದ ತೌಲನಿಕ ವ್ಯಾಕರಣವೂ ಅವನ ಅನುಯಾಯಿಗಳ ಶೋಧನೆಗಳೂ ಮೂಲಭಾಷೆಯಲ್ಲಿದ್ದ ಎಂಟು ವಿಭಕ್ತಿಗಳು ಗ್ರೀಕಿನಲ್ಲಿ ಐದಕ್ಕೆ ಇಳಿದವೆಂಬುದನ್ನು ತೋರಿಸಿದವು. ಪಂಚಮಿಯು ಷಷ್ಠಿಯಲ್ಲಿಯೂ, ತೃತೀಯೆ ಸಪ್ತಮಿಗಳು ಚತುರ್ಥಿಯಲ್ಲಿಯೂ ಅಡಗಿದವು. ‘ಪರಾ’ದ ಷಷ್ಠಿ ನಿಜವಾಗಿ ವೇಷ ಮರೆಸಿದ ಪಂಚಮಿ. ದಿಕ್ಕನ್ನು ಹೇಳುತ್ತಿದ್ದುದು ವಿಭಕ್ತಿ. ಉಪಸರ್ಗವು ಅದನ್ನು ಸ್ಫುಟಗೊಳಿಸಲು ಬಂದ ಕ್ರಿಯಾವಿಶೇಷಣ. ಅಷ್ಟಾಧ್ಯಾಯಿಯನ್ನು ಓದಿದವರಿಗೆ ಈ ವಿವೇಚನೆ ಅಪರಿಚಿತವಲ್ಲ.

ಆದರೆ 1611ರ ವಿದ್ವಾಂಸರು ವ್ಯಾಕರಣವರಿಯದೆ ಎಡವಿದರೆಂದು ತೀರ್ಮಾನಿಸುವುದು ಅವಸರವೆಂದು ನಮಗೆ ತೋರುತ್ತದೆ. ‘ಕಾರಣದಿಂದ’ ಎಂಬ ಅರ್ಥದ ‘ಪ್ರಾಪ್ಟರ್’ ಎಂಬ ಪದ ಅವರಿಗೆ ಚಿರಪರಿಚಿತವಾಗಿದ್ದ ಲ್ಯಾಟಿನ್ ಬೈಬಲ್ಲಿನಲ್ಲಿ ಆ ಸ್ಥಳದಲ್ಲಿಯೇ ಇತ್ತು. ಅವರ ಕಾಲದ ‘ಬೈ’ ಸಾಧನವನ್ನಲ್ಲದೆ ಕಾರಣವನ್ನೂ ಸೂಚಿಸಬಲ್ಲದಾಗಿತ್ತು. ಪದದ ವ್ಯಾಪ್ತಿ ಕುಗ್ಗಿದ್ದು ಅನಂತರ. ವೆಸ್ಟ್‌ಕಟ್, ಹಾರ್ಟ್ ಮೊದಲಾದ ಪರಿಷ್ಕರಣಕಾರರು ಸರಿಪಡಿಸಿದ್ದು ಪೂರ್ವಿಕರ ಗ್ರೀಕನ್ನಷ್ಟೇ ಅಲ್ಲ, ಸ್ವಂತ ಭಾಷೆಯಲ್ಲಿ ನಡೆದುಹೋಗಿದ್ದ ಬದಲಾವಣೆಯನ್ನೂ ಹೌದು.

ವಿಭಕ್ತಿಸಂಪನ್ನವಾದ ಕನ್ನಡವನ್ನಾಡುವ ನಾವು ಇಲ್ಲಿ ಹೆಮ್ಮೆಪಡುವಂತೆಯೂ ಇಲ್ಲ. ‘ತಂದೆಯಿಂದ ಬದುಕಿದ್ದೇನೆ’ ಎಂದರೆ ನಮ್ಮ ‘ಇಂದ’ವೂ ಸಾಧನ, ಮೂಲ, ಕಾರಣ ಮೂರನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದು, ಯಾವುದೆಂಬುದನ್ನು ಓದುಗನಿಗೇ ಬಿಡುತ್ತದೆ.