ದೇವಿಯ ಬೇನೆಯೂ ಮನದ ಧೈರ್ಯವೂ

ಮುಲ್ಲಾಮಾರಿ ನದಿಯ ಆಸುಪಾಸಿನ ಚಂದಾಪುರ, ಚಿಂಚೋಳಿಗಳ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಅರಸರು ಬೇರೆಯಾದರೂ, ಜನರ ರೋಗಗಳೂ ಅವುಗಳನ್ನು ಸೈರಿಸಿದ ರೀತಿಯೂ ಕನ್ನಡನಾಡಿನ ಇತರ ಭಾಗಗಳಂತೆಯೇ ಇದ್ದುವು. ಅವುಗಳಲ್ಲಿ ಸಿಡುಬು ಬಹು ಘೋರವಾದುದು. ಅದರ ಉಗ್ರರೂಪವು ತಗುಲಿದ ನೂರು ಜನರಲ್ಲಿ ಸುಮಾರು 30 ಜನರು ಸಾಯುತ್ತಿದ್ದರು.

ಆದರೂ ನಮ್ಮ ಹಿರಿಯರು ಅದನ್ನು ರೋಗವೆಂದು ಕರೆಯಲಿಲ್ಲ. ಮನೆಗೆ ದೇವಿಯು ಬಂದಿರುವಳೆಂದರು. ಹಾಸಿಗೆಯ ಸುತ್ತ ಬೇವಿನ ಸೊಪ್ಪನ್ನಿಟ್ಟು, ಒಗ್ಗರಣೆಯನ್ನು ನಿಲ್ಲಿಸಿ, ಹೊರಗಿನವರ ಬರವನ್ನು ತಡೆದರು. ಮಡಿಯ ಹೆಸರಿನಲ್ಲಿ ನಡೆದ ಈ ಏಕಾಂತವು ಸೋಂಕನ್ನು ಕೆಲಮಟ್ಟಿಗೆ ತಡೆದಿರಲೂಬಹುದು. ಅದಕ್ಕಿಂತ ಮಿಗಿಲಾಗಿ, ವಿರೂಪಗೊಂಡ ಮಗುವಿನ ಬಳಿ ತಾಯಿಯು ಅಸಹ್ಯಪಡದೆ ಕುಳಿತುಕೊಳ್ಳುವ ಬಲವನ್ನು ಆ ಭಾವನೆಯು ಕೊಟ್ಟಿತು.

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿದಾಗ ಅಲ್ಲಿ ಪ್ಲೇಗಮ್ಮನ ಗುಡಿಗಳೇ ಎದ್ದುವು. ಕಲಬುರಗಿಯಲ್ಲಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇ ನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಜನರು ಮತಭೇದವಿಲ್ಲದೆ ಹರಕೆ ಹೊತ್ತು ಇಂದಿಗೂ ಹೋಗುತ್ತಾರೆ. ದೂರದ ಅಮೆರಿಕದಲ್ಲಿ ನೆಲೆಸಿದ ಮೆಕ್ಸಿಕೋ ಮೂಲದವರು ಗ್ವಾದಲೂಪೆ ಮಾತೆಗೆ ಮೊರೆಯಿಡುತ್ತಾರೆ. ವಾಸಿಯಾದ ಅಂಗದ ಲೋಹದ ಪ್ರತಿಮೆಯನ್ನು ಒಪ್ಪಿಸುವ ವಾಡಿಕೆಯು ಅವರಲ್ಲಿಯೂ ಉಂಟು. ನಮ್ಮಲ್ಲಿ ಮಾರಮ್ಮನಿಗೆ ಬೆಳ್ಳಿಯ ಕಣ್ಣನ್ನು ಅರ್ಪಿಸುವುದಿಲ್ಲವೆ? ಸಂಕಟದಲ್ಲಿ ಮನುಷ್ಯಹೃದಯವು ಎಲ್ಲೆಡೆಯೂ ಒಂದೇ.

ಹಾಗೆಂದು ಭಕ್ತಿಯ ಹಾನಿಯನ್ನು ಮುಚ್ಚಿಡಲಾಗದು. 1796ರಲ್ಲಿ ಜೆನ್ನರನು ಕಂಡುಹಿಡಿದ ಉಪಾಯವು 1802ರಲ್ಲಿಯೇ ಮುಂಬಯಿಗೆ ಬಂದರೂ, ದೇವಿಯು ಮುನಿಯುವಳೆಂದು ಅಂಜಿ ಅದನ್ನು ಒಲ್ಲೆನೆಂದ ಮನೆಗಳು ಅನೇಕ. ಬದುಕಬಹುದಾಗಿದ್ದ ಎಷ್ಟೋ ಮಕ್ಕಳು ಹೀಗೆ ಮಣ್ಣುಪಾಲಾದುವು. ಕಾಲಕ್ರಮದಲ್ಲಿ ಈ ವಿರೋಧವನ್ನು ಜನರ ನುಡಿಯೇ ಪರಿಹರಿಸಿಕೊಂಡಿತು: ಉತ್ತರ ಕರ್ನಾಟಕದವರು ಚುಚ್ಚುವುದನ್ನೇ "ದೇವಿ ಹಾಕಿಸುವುದು" ಎಂದರು! ದೇವಿಯು ರೋಗದಿಂದ ರಕ್ಷೆಯ ಕಡೆಗೆ ಬಂದು ನಿಂತಳು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿಯು ಕಂಡುದು 1975ರಲ್ಲಿ. 1980ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು.

ಇಂದು ಅರ್ಬುದರೋಗಕ್ಕೆ ಚಿಕಿತ್ಸೆ ಬೇಕಾದ ನಮ್ಮ ಕಡೆಯವರು ಕಲಬುರಗಿಯ ಕಿದ್ವಾಯಿ ಆಸ್ಪತ್ರೆಯ ಶಾಖೆಗೆ ಹೋಗಬಹುದು. ಅಂಥವರ ಕೊರಳಿನ ತಾಯಿತವನ್ನು ಕಂಡು ನಗುವುದು ವಿವೇಕವಲ್ಲ. ತಾಯಿತವನ್ನು ನೆಚ್ಚಿ ಚಿಕಿತ್ಸೆಯನ್ನು ಮುಂದೂಡುವುದೂ ವಿವೇಕವಲ್ಲ. ದೇಹಕ್ಕೆ ಔಷಧವೂ ಮನಸ್ಸಿಗೆ ಆಶ್ರಯವೂ ಬೇಕು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಬಾರದೆಂಬುದೇ ಈ ಇತಿಹಾಸದ ಪಾಠವು.