ವಿಪತ್ತಿನ ನಂತರದ ಮನೋಸಾಮಾಜಿಕ ಆರೈಕೆ

ವಿಪತ್ತಿಗೆ ಸಿಕ್ಕ ಜನರ ಮನಸ್ಸನ್ನೂ ಸಂತೈಸಬೇಕು ಎಂಬ ತಿಳಿವಳಿಕೆ ಭಾರತದಲ್ಲಿ ಒಂದು ವ್ಯವಸ್ಥಿತ ಕೆಲಸವಾಗಿ ರೂಪುಗೊಂಡದ್ದು 1980ರ ದಶಕದಿಂದ ಈಚೆಗೆ. ಅದಕ್ಕೆ ಮುಂಚೆ ಪರಿಹಾರ ಎಂದರೆ ಅಕ್ಕಿ, ಬಟ್ಟೆ, ಸೂರು, ಹಣ. ಈ ಬದಲಾವಣೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪಾತ್ರ ದೊಡ್ಡದು.

1974ರ ಕೊನೆಯಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಕೂಡಿ ನಿಮ್ಹಾನ್ಸ್ ಆಯಿತು. ಆಗ ದೇಶದಲ್ಲಿದ್ದ ಮನೋವೈದ್ಯರು ತೀರಾ ಕಡಿಮೆ, ಅವರೂ ಹೆಚ್ಚಾಗಿ ನಗರಗಳಲ್ಲಿ. ಹಾಗಾಗಿ ಸಂಸ್ಥೆ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಆರೈಕೆಯ ತರಬೇತಿ ಕೊಡತೊಡಗಿತು. 1985ರಿಂದ 1990ರವರೆಗೆ ಅದನ್ನೇ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಲಾಯಿತು. ತಜ್ಞರಲ್ಲದವರಿಗೆ ಕಲಿಸಿ ಅವರಿಂದಲೇ ಕೆಲಸ ಮಾಡಿಸುವ ಈ ಪದ್ಧತಿ ಮುಂದೆ ವಿಪತ್ತಿನ ಹೊತ್ತಿನಲ್ಲೂ ಕೈಹಿಡಿಯಿತು.

1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಬಹಳಷ್ಟು ಮಕ್ಕಳು ಸತ್ತರು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. 1984ರ ಡಿಸೆಂಬರ್‌ನ ಭೋಪಾಲ್ ಅನಿಲ ದುರಂತದಲ್ಲಾದರೋ ಎಲ್ಲರ ಗಮನ ಕಣ್ಣು, ಶ್ವಾಸಕೋಶಗಳ ಮೇಲಿತ್ತು. ಮನೋವೈದ್ಯರು ಅಲ್ಲಿಗೆ ತಲುಪಿದ್ದು ವಾರಗಟ್ಟಲೆ ತಡವಾಗಿ. ಭಯ, ನಿದ್ರೆಗೇಡು, ಖಿನ್ನತೆಗಳಿಂದ ನರಳುವವರು ಚಿಕಿತ್ಸಾಲಯಗಳಲ್ಲಿ ತುಂಬಿದ್ದರು. ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಸಂಗಡಿಗರು ಅಲ್ಲಿನ ಸಾಮಾನ್ಯ ವೈದ್ಯರನ್ನು ಸಣ್ಣ ಗುಂಪುಗಳಲ್ಲಿ ತರಬೇತುಗೊಳಿಸಿದರು. ಆ ಅನುಭವ 1987ರಲ್ಲಿ ಕೈಪಿಡಿಯಾಗಿ ಹೊರಬಂತು.

ನಿಜವಾದ ತಿರುವು 1999ರ ಅಕ್ಟೋಬರ್ 29ರ ಒಡಿಶಾ ಚಂಡಮಾರುತದ್ದು. ಸತ್ತವರು ಹತ್ತು ಸಾವಿರದ ಹತ್ತಿರ. ಜಗತ್‌ಸಿಂಗ್‌ಪುರದ ಎರಸಮಾ ಭಾಗದಲ್ಲಿ ಸಮುದ್ರ ನುಗ್ಗಿ ಊರಿಗೆ ಊರೇ ಕೊಚ್ಚಿಹೋಯಿತು. ವೈದ್ಯರನ್ನು ನೆಚ್ಚಿ ಕೂರುವ ಸ್ಥಿತಿಯೇ ಇರಲಿಲ್ಲ. ಆಕ್ಷನ್ ಏಡ್ ಎಂಬ ಸರ್ಕಾರೇತರ ಸಂಸ್ಥೆ ಸ್ಥಳೀಯ ಯುವಕ ಯುವತಿಯರನ್ನು ‘ಸ್ನೇಹಕರ್ಮಿ’ಗಳಾಗಿ ಆರಿಸಿಕೊಂಡಿತು. ನಿಮ್ಹಾನ್ಸ್‌ನ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗ, ಅದರಲ್ಲೂ ಕೆ. ಶೇಖರ್, ಇಂಥವರ ತರಬೇತಿಗೆ ಒಂದು ಕ್ರಮವನ್ನು ಕಟ್ಟಿಕೊಟ್ಟಿತು.

ಆ ಕ್ರಮ ಸರಳವಾದದ್ದು. ನೊಂದವರು ದುಃಖವನ್ನು ಹೇಳಿಕೊಳ್ಳಲು ಬಿಡುವುದು, ನಡುವೆ ಬಾಯಿಹಾಕದೆ ಕೇಳುವುದು, ಅವರ ಜಾಗದಲ್ಲಿ ನಿಂತು ಅರಿಯುವುದು, ಬಂಧುಬಳಗ ನೆರೆಹೊರೆಯ ಆಸರೆ ಒದಗಿಸುವುದು, ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಹೊರಗೆ ತಿರುಗಿಸುವುದು, ವಿಶ್ರಾಂತಿ, ಆಮೇಲೆ ಅವರವರ ನಂಬಿಕೆಯ ಪೂಜೆ ಪ್ರಾರ್ಥನೆ. ಔಷಧಿ ಬೇಕಾದವರನ್ನು ಗುರುತಿಸಿ ಆಸ್ಪತ್ರೆಗೆ ಕಳಿಸುವುದೂ ಕಾರ್ಯಕರ್ತರ ಹೊಣೆ. ಬಹುಜನರ ತಳಮಳ ಕಾಯಿಲೆಯಲ್ಲ, ಅಸಹಜ ಘಟನೆಗೆ ಸಹಜ ಪ್ರತಿಕ್ರಿಯೆ ಎಂಬುದೇ ಇಡೀ ವಿಧಾನದ ತಳಹದಿ. ಹುಚ್ಚರೆಂಬ ಹಣೆಪಟ್ಟಿಗೆ ಹೆದರಿ ಬಾಯಿ ಬಿಡದವರ ಬಳಿಗೆ ಹೋಗಲು ಇದರಿಂದ ದಾರಿಯಾಯಿತು.

2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳಲ್ಲಿ ಇದೇ ವಿಧಾನ ಹರಡಿತು. ತರಬೇತುದಾರರಿಗೆ ಮೊದಲು ಕಲಿಸಿ, ಅವರಿಂದ ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರಿಗೆ, ಶಿಕ್ಷಕರಿಗೆ, ಅಂಗನವಾಡಿಯವರಿಗೆ ಕಲಿಸುವ ಸರಪಳಿ ಬೆಳೆಯಿತು. ವೇಗ ದೊರೆಯಿತು, ಆದರೆ ಹಂತ ಇಳಿದಂತೆ ಕಲಿಕೆ ತೆಳುವಾಗುವ ಅಪಾಯವೂ ಜೊತೆಗೇ ಬಂತು. ಅದಕ್ಕಿಂತ ದೊಡ್ಡ ತೊಡಕು ಹಣದ್ದು. ಯೋಜನೆ ಮುಗಿದರೆ ನುರಿತ ಕಾರ್ಯಕರ್ತರು ಬೇರೆ ಕೆಲಸ ಹುಡುಕಿಕೊಳ್ಳಬೇಕು, ಮುಂದಿನ ವಿಪತ್ತಿಗೆ ಮತ್ತೆ ಹೊಸಬರಿಂದ ಆರಂಭ.

2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮನೋಸಾಮಾಜಿಕ ನೆರವಿನ ಮಾರ್ಗಸೂಚಿ ಹೊರಡಿಸಿತು. ನಿಮ್ಹಾನ್ಸ್ ಮತ್ತು ಸರ್ಕಾರೇತರ ಸಂಸ್ಥೆಗಳು ಹಾಕಿಕೊಟ್ಟ ಕೆಲಸಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ಹೀಗೆ, ಭೋಪಾಲ್ ದುರಂತದ ಕಾಲು ಶತಮಾನದ ನಂತರ.